ಕೊಂಬು ಬೆಳೆಯಬೇಕಾದರೆ ಮೊದಲು ಮೇವು ಉಳಿಯಬೇಕು

ಟೆಕ್ಸಾಸ್‌ನ ಹಿಲ್ ಕಂಟ್ರಿಯಲ್ಲಿ, ಲ್ಯಾನೋ ಕಡೆ, ನಮ್ಮದೊಂದಿಷ್ಟು ಜಮೀನಿದೆ. ಬರೀ ಕಲ್ಲು, ಓಕ್ ಮರ, ಜೂನಿಪರ್ ಪೊದೆ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಅತಿ ಹೆಚ್ಚು ಕಿಕ್ಕಿರಿದಿರುವ ಸೀಮೆಗಳಲ್ಲಿ ಇದೂ ಒಂದು. ಊರಿಂದ ಬಂದ ನೆಂಟರು ಸಂಜೆ ಹಿಂಡು ನೋಡಿ ಹಿಗ್ಗುತ್ತಾರೆ. ನನಗೆ ಮಾತ್ರ ಇಷ್ಟು ಬಾಯಿಗೆ ಮೇವೆಲ್ಲಿ ಎಂಬ ಚಿಂತೆ.

ಗಂಡು ಜಿಂಕೆ ವರ್ಷ ವರ್ಷವೂ ಕೊಂಬು ಉದುರಿಸಿ ಹೊಸದು ಬೆಳೆಸುತ್ತದೆ. ವಸಂತದಲ್ಲಿ ಮೊಳೆತದ್ದು ಆಗಸ್ಟ್ ಹೊತ್ತಿಗೆ ಗಟ್ಟಿ ಮೂಳೆ. ಅದಕ್ಕೆ ಬೇಕಾದ ಕ್ಯಾಲ್ಸಿಯಂ, ರಂಜಕ ಮೇವಿನಿಂದಷ್ಟೇ ಸಾಲದೆ ಪಕ್ಕೆಲುಬಿನಿಂದಲೂ ಎಳೆದುಕೊಳ್ಳುತ್ತದೆ. ಮೊದಲು ಮೈ ತುಂಬಬೇಕು, ಮಿಕ್ಕಿದ್ದು ಕೊಂಬಿಗೆ. ಆ ತಿಂಗಳುಗಳಲ್ಲಿ ಮೇವಿನಲ್ಲಿ ಶೇ. 16ರಷ್ಟು ಪ್ರೋಟೀನ್ ಇರಬೇಕು. ಮೆಕ್ಕೆಜೋಳ ಸುರಿದರೆ ಅದರ ಅರ್ಧವೂ ಸಿಗುವುದು ಕಷ್ಟ. ಪ್ರೋಟೀನ್ ಸಿಗುವುದು ಅಗಲೆಲೆಯ ಕಳೆಗಿಡಗಳಲ್ಲಿ, ಪೊದೆಗಳ ಚಿಗುರಿನಲ್ಲಿ.

ಹಾಗಾಗಿ ನಾವು ಮೊದಲು ಮಾಡಿದ ಕೆಲಸ ಹೆಣ್ಣುಗಳನ್ನು ಕಡಿಮೆ ಮಾಡಿದ್ದು. ಬೇಸಿಗೆ ಕೊನೆಗೆ ಕ್ಯಾಮೆರಾ ಇಟ್ಟು ಗಂಡು, ಹೆಣ್ಣು, ಮರಿ ಎಣಿಸುತ್ತೇವೆ. ರಾಜ್ಯ ವನ್ಯಜೀವಿ ಇಲಾಖೆಯ ಬಯಾಲಜಿಸ್ಟ್ ಆ ಲೆಕ್ಕ ನೋಡಿ ಎಷ್ಟು ಹೊಡೆಯಬೇಕೆಂದು ಹೇಳುತ್ತಾರೆ, ಅಷ್ಟಕ್ಕೆ ಟ್ಯಾಗ್, ಅಂದರೆ ಹೊಡೆಯಲು ಅನುಮತಿ ಚೀಟಿ, ಬರುತ್ತದೆ. ಅಮ್ಮನಿಗೆ ಇದನ್ನು ಒಪ್ಪಿಸಲು ನನ್ನಿಂದ ಆಗಿಲ್ಲ. ಆದರೆ ಆಳೆತ್ತರದವರೆಗೆ ಎಲೆಯೇ ಇಲ್ಲದ ಓಕ್ ಕೆಳಗೆ, ಮಳೆಯಿಲ್ಲದ ಆಗಸ್ಟಿನಲ್ಲಿ, ಪಕ್ಕೆ ಎಣಿಸಬಹುದಾದ ತಾಯಿಯ ಹಿಂದೆ ಸೊರಗಿದ ಮರಿಯನ್ನು ಕಂಡವರಿಗೆ ಯಾವುದು ಕರುಣೆ ಅನ್ನುವುದು ಅಷ್ಟು ಸುಲಭದ ಪ್ರಶ್ನೆಯಲ್ಲ.

ಹೊಡೆದ ಪ್ರತಿ ಜಿಂಕೆಯ ಕೆಳದವಡೆ ತೆಗೆದಿಡುತ್ತೇನೆ. ವಯಸ್ಸು ಹೇಳುವುದು ಹಲ್ಲು. ಒಂದೂವರೆ ವರ್ಷದ್ದಕ್ಕೆ ದವಡೆಹಲ್ಲುಗಳ ಸಾಲಿನಲ್ಲಿ ಮುಂದಿನಿಂದ ಮೂರನೆಯದು ಇನ್ನೂ ಹಾಲುಹಲ್ಲು, ಮೂರು ಉಬ್ಬಿನದ್ದು. ಅದು ಬಿದ್ದು ಬರುವುದಕ್ಕೆ ಎರಡೇ ಉಬ್ಬು. ಆಮೇಲೆ ಸವೆತ ನೋಡಬೇಕು: ಅದರ ಹಿಂದಿನ ದವಡೆಹಲ್ಲಿನಲ್ಲಿ ಬಿಳಿ ಎನಾಮಲ್‌ಗಿಂತ ಒಳಗಿನ ಕಂದು ಪಟ್ಟೆ ಅಗಲವಾಗಿದ್ದರೆ ಮೂರೂವರೆ ದಾಟಿದೆ. ಗಂಡಿನ ಕೊಂಬು ಪೂರ್ತಿ ಕೈಗೂಡುವುದು ಐದಾರು ವರ್ಷಕ್ಕೆ. ಎರಡೂವರೆಗೇ ಎಂಟು ಕವಲು ಕಂಡು ಗುಂಡು ಹಾರಿಸಿದರೆ ಅದರ ನಿಜವಾದ ಕೊಂಬನ್ನು ಯಾರೂ ನೋಡುವುದಿಲ್ಲ.

ಮೊದಲ ಕೊಂಬು ಕವಲೊಡೆಯದಿದ್ದರೆ ತಳಿ ಕೆಟ್ಟದ್ದು, ತೆಗೆದುಬಿಡಿ ಅನ್ನುವವರು ಇಲ್ಲಿ ಬಹಳ. ದಕ್ಷಿಣ ಟೆಕ್ಸಾಸ್‌ನ ಕೊಮ್ಯಾಂಚಿ ರಾಂಚ್‌ನಲ್ಲಿ ವರ್ಷಗಟ್ಟಲೆ ಹಾಗೆ ಆರಿಸಿ ತೆಗೆದು ನೋಡಿದರು, ಕೊಂಬಿನ ತಳಿ ಸುಧಾರಿಸಲಿಲ್ಲ. ಬೇಲಿಯಿಲ್ಲದ ನೆಲದಲ್ಲಂತೂ ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮ ದೊಡ್ಡ ತಲೆನೋವು ಬಂಡೀಪುರದ ಅದೇ ಚುಕ್ಕೆ ಜಿಂಕೆ. 1930ರ ದಶಕದಲ್ಲಿ ಬೇಟೆಗೆಂದು ತಂದು ಬಿಟ್ಟದ್ದು ಈಗ ಹಿಲ್ ಕಂಟ್ರಿ ತುಂಬ ಹಬ್ಬಿದೆ. ಕಳೆ, ಚಿಗುರು ತಿಂದು ಮುಗಿಸಿ ಹುಲ್ಲಿಗೆ ಬಾಯಿ ಹಾಕಿ ಬದುಕುತ್ತದೆ; ಬಿಳಿಬಾಲದ ಹೊಟ್ಟೆಗೆ ಹುಲ್ಲು ಒಗ್ಗದು. ಕೆರ್ ವನ್ಯಜೀವಿ ಕ್ಷೇತ್ರದಲ್ಲಿ 1971ರಲ್ಲಿ 96 ಎಕರೆ ಬೇಲಿಯೊಳಗೆ ಆರು ಬಿಳಿಬಾಲ, ಹೀಗೇ ಹುಲ್ಲು ಅರಗಿಸಿಕೊಳ್ಳುವ ಆರು ಸಿಕಾ ಜಿಂಕೆ ಬಿಟ್ಟಿದ್ದರು. ಹತ್ತು ವರ್ಷ ತುಂಬುವುದರೊಳಗೆ ಬಿಳಿಬಾಲ ಒಂದೂ ಉಳಿದಿರಲಿಲ್ಲ. ಟೆಕ್ಸಾಸ್‌ನಲ್ಲಿ ಚುಕ್ಕೆ ಜಿಂಕೆಗೆ ಸೀಸನ್ ಇಲ್ಲ, ಲೈಸೆನ್ಸ್ ಇದ್ದರೆ ವರ್ಷವಿಡೀ ಹೊಡೆಯಬಹುದು. ಜಮೀನು ಕೊಂಡ ಹೊಸಬರು ಜಿಂಕೆಗೆ ಮೇವು ಹಾಕಲು ಯಾವ ಫೀಡರ್ ತರಲಿ ಎಂದು ಕೇಳಿದರೆ, ಫೀಡರ್ ಆಮೇಲೆ ನೋಡೋಣ, ಮೊದಲು ಚುಕ್ಕೆ ಜಿಂಕೆ ಎಷ್ಟಿವೆ ಎಣಿಸಿ ಬನ್ನಿ ಅನ್ನುತ್ತೇನೆ.