ಸಭೆಯ ಬಾಯಿಗೆ ಹಾಡು, ಸಭೆಯ ಬಾಯಿಗೆ ಪ್ರಾರ್ಥನೆ

ಮಂಗಳೂರು, ಉಡುಪಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಗಳಲ್ಲಿ ಆರಾಧನೆ ಸೊರಗಿದೆ ಅನ್ನಿಸಿದಾಗ ಮೊದಲು ಕೇಳಿಬರುವ ಮಾತು ಡ್ರಮ್ಸ್, ಪ್ರೊಜೆಕ್ಟರ್ ತರೋಣ ಎಂಬುದು. ನಾವು ಅಲ್ಲಿಂದ ಶುರುಮಾಡಲಿಲ್ಲ. ನಾಲ್ಕು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಸಭೆಯವರು ಒಟ್ಟಾಗಿ ಬಾಯಿ ತೆರೆಯುವುದು ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು ಬರೆದುಕೊಂಡೆವು. ಒಂದೂವರೆ ಗಂಟೆಯ ಆರಾಧನೆಯಲ್ಲಿ ಅದು 20 ನಿಮಿಷಕ್ಕಿಂತ ಕೆಳಗಿದ್ದರೆ, ಕೊರತೆ ಇರುವುದು ವಾದ್ಯದಲ್ಲಲ್ಲ, ಸಭೆಯ ಪಾಲಿನಲ್ಲಿ.

ಹಾಡಿಗೆ ಹೆಚ್ಚು ಸಮಯ ಕೊಟ್ಟೆವು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಇಲ್ಲಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಿದ ಹಾಡುಗಳು ನಮ್ಮ ಆಸ್ತಿ. ಅವನ್ನು ಬಿಡಬಾರದು. ಆದರೆ ಕೆಲವು ಹಾಡು ಏಕೆ ಬಾಯಿಗೆ ಕೂರುವುದಿಲ್ಲ ಎಂದು ತಿಳಿದಿರಬೇಕು. ಜರ್ಮನ್ ಪದ್ಯ ನಡೆಯುವುದು ಉಚ್ಚಾರದ ಒತ್ತಿನ ಮೇಲೆ, ಕನ್ನಡ ನಡೆಯುವುದು ಮಾತ್ರೆಯ ಮೇಲೆ. ಎಷ್ಟೋ ರಾಗಗಳು ಹಗುರ ಸ್ವರದಿಂದ ಎದ್ದು ಎರಡನೆಯ ಸ್ವರಕ್ಕೆ ಭಾರ ಹಾಕುತ್ತವೆ. ಅಲ್ಲಿ ‘ಯೇಸುವೇ’ ಎಂದು ಹಾಡಿದರೆ ‘ಯೇ’ ಮೊಟಕಾಗಿ ‘ಸು’ ಉದ್ದವಾಗುತ್ತದೆ. ಅದೇ ಜಾಗದಲ್ಲಿ ‘ದಯಾಳು’ ಸಲೀಸಾಗಿ ಕೂರುತ್ತದೆ: ‘ದ’ ಲಘು, ‘ಯಾ’ ಗುರು. ಹೊಸ ಹಾಡು ಬರೆಯುವವರು ಅಕ್ಷರ ಎಣಿಸಿದರೆ ಸಾಲದು, ಮಾತ್ರೆ ಎಣಿಸಬೇಕು. ಅದೇ ಮಿಶನ್ನಿನ ಕಿಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ಈ ನಾಡಿನ ಧಾಟಿಯ ಪದ್ಯಗಳಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಆ ದಾರಿಯಲ್ಲಿ ನಾವು ಇನ್ನೂ ಬಹಳ ದೂರ ಹೋಗಬಹುದಿತ್ತು. ಹಳೆಯ ಹಾಡಿನ ಮಾತನ್ನು ಮಾತ್ರ ತಿದ್ದಲಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಗಾಯನ ಮಂಡಳಿಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆವು. ಪದದ ನಡುವೆ ಉಸಿರೆಳೆಯುವುದು ನಿಂತರೆ ಅರ್ಥ ತಾನಾಗಿ ಕೇಳಿಸುತ್ತದೆ.

ಶ್ರುತಿಯದು ಇನ್ನೊಂದು ತೊಡಕು. ಪುಸ್ತಕದಲ್ಲಿರುವ ಎತ್ತರ ತರಬೇತಾದ ಮೇಲುಸ್ವರದವರಿಗೆ. ಮೇಲಿನ ‘ಡಿ’ ದಾಟಿದರೆ ಗಂಡಸರು ಬಾಯಿ ಮುಚ್ಚುತ್ತಾರೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ಎರಡು ಮೂರು ಮನೆ ಇಳಿಸಿದರೆ ಸಾಕು.

ಹೊಸ ಹಾಡು ತಿಂಗಳಿಗೆ ಒಂದೇ. ಮೊದಲ ವಾರ ಕಾಣಿಕೆ ಎತ್ತುವಾಗ ಗಾಯನ ಮಂಡಳಿ ಮಾತ್ರ ಹಾಡುತ್ತದೆ. ಎರಡನೆಯ ವಾರ ಪಲ್ಲವಿಗೆ ಸಭೆ ಸೇರುತ್ತದೆ. ಮೂರು, ನಾಲ್ಕನೆಯ ವಾರ ಪೂರ್ತಿ ಎಲ್ಲರೂ. ಒಂದೇ ಭಾನುವಾರ ಮೂರು ಹೊಸ ಹಾಡು ಹಾಕಿದರೆ ಆರಾಧನೆ ಸಂಗೀತ ಕಛೇರಿಯಾಗುತ್ತದೆ, ಸಭೆ ಕೇಳುಗರಾಗುತ್ತದೆ.

ಬೈಬಲಿನ ಕೀರ್ತನೆಯನ್ನು ಪ್ರತಿವಾಚನ ಮಾಡುವಾಗ, ಅಂದರೆ ನಡೆಸುವವರೂ ಸಭೆಯೂ ಸರದಿಯಲ್ಲಿ ಓದುವಾಗ, ವಚನವನ್ನು ಅರ್ಧಕ್ಕೆ ಕತ್ತರಿಸಿ ಹಂಚಬೇಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಡೆಸುವವರ ಮಾತು ನೇತಾಡುತ್ತದೆ, ಸಭೆಗೆ ಬಾಲ ಮಾತ್ರ ಸಿಗುತ್ತದೆ. ವಾಕ್ಯ ಮುಗಿಯುವಲ್ಲಿ ಹಂಚಿ. ಅಭ್ಯಾಸಕ್ಕೆ 136ನೆಯ ಕೀರ್ತನೆ ಒಳ್ಳೆಯದು: 26 ವಚನಕ್ಕೂ ಒಂದೇ ಪಲ್ಲವಿ. ಓದಲು ಬಾರದ ಮಕ್ಕಳೂ ಸೇರುತ್ತಾರೆ, ಕನ್ನಡಕ ಮರೆತ ಅಜ್ಜಿಯೂ.

ವೇದಪಾಠ, ಅಂದರೆ ಆ ದಿನದ ಬೈಬಲ್ ಭಾಗ, ಓದುವವರು ಗುರುವಾರದೊಳಗೆ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿರಬೇಕು. ಮೈಕಿಗೂ ಬಾಯಿಗೂ ಒಂದು ಗೇಣು ಅಂತರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ, ಶೀಟಿನ ಮೇಲೆ ಮಳೆ ಹೊಡೆಯುವಾಗ ವಾಲ್ಯೂಮ್ ಏರಿಸಿದರೆ ಸ್ಪೀಕರ್ ಕೂಗುತ್ತದೆ. ಮಧ್ಯದ ಕಂಬಗಳಿಗೆ ಎರಡು ಚಿಕ್ಕ ಸ್ಪೀಕರ್ ಹಾಕಿ, ನಿಧಾನವಾಗಿ ಓದುವುದೇ ಪರಿಹಾರ.

ಇತರರಿಗಾಗಿ ಬೇಡುವ ವಿಜ್ಞಾಪನೆ ಪ್ರಾರ್ಥನೆಯನ್ನು ಐದು ಜನರಿಗೆ ಹಂಚಿದೆವು: ಒಬ್ಬೊಬ್ಬರಿಗೆ ಎರಡೇ ವಾಕ್ಯ, ನಂತರ 20 ಸೆಕೆಂಡು ಮೌನ, ಆಮೇಲೆ ‘ಕರ್ತನೇ, ನಮ್ಮ ಪ್ರಾರ್ಥನೆಯನ್ನು ಆಲಿಸು’ ಎಂದು ಎಲ್ಲರೂ. ಬರೆದುಕೊಂಡು ಬಾರದಿದ್ದರೆ ಪ್ರಾರ್ಥನೆ ಪ್ರಸಂಗವಾಗುತ್ತದೆ, ಇಲ್ಲವೇ ಪ್ರಕಟಣೆಯಾಗುತ್ತದೆ. ಐದರಲ್ಲಿ ಒಂದು ತುಳುವಿನಲ್ಲಿರಲಿ. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾದ ಊರಿದು. ಮನೆಯ ಭಾಷೆ ಪ್ರಾರ್ಥನೆಗೆ ಬಂದಾಗ ಸಭೆ ಬೇರೆಯೇ ರೀತಿ ಕಿವಿಗೊಡುತ್ತದೆ.

ಕೈಯಿಂದ ಕೈಗೆ ಸಮಾಧಾನ ದಾಟಿಸುವ ಪದ್ಧತಿಗೆ ಸಿಎಸ್‌ಐಯ ರಾತ್ರಿಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಕ್ರಮ 1950ರಲ್ಲೇ ಮತ್ತೆ ಜೀವ ಕೊಟ್ಟಿತ್ತು. ನಮ್ಮಲ್ಲಿ ಅದು ಒಂದು ನಮಸ್ಕಾರಕ್ಕೆ ಇಳಿದಿತ್ತು. ಸಭಾಪಾಲಕರು ಮೇಜಿನ ಬಳಿಯಿಂದ ಮೊದಲ ಬೆಂಚಿಗೆ, ಅಲ್ಲಿಂದ ಹಿಂದಕ್ಕೆ ಎರಡೂ ಅಂಗೈ ಹಿಡಿದು ದಾಟಿಸಿದರೆ ಮೂರು ನಿಮಿಷದೊಳಗೆ ಮುಗಿಯುತ್ತದೆ.

ಬದಲಾವಣೆಯನ್ನು ಕ್ರಿಸ್ಮಸ್ ದಿನವಾಗಲಿ ಶುಭ ಶುಕ್ರವಾರವಾಗಲಿ ಶುರುಮಾಡಬೇಡಿ. ಅವು ನೆನಪಿನ ದಿನಗಳು, ಯಾರಿಗೂ ಅಂದು ಹೊಸದು ಬೇಕಿರುವುದಿಲ್ಲ. ಜೂನ್ ತಿಂಗಳ ಸಾಮಾನ್ಯ ಭಾನುವಾರ ಸಾಕು. ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ, ಪಾಪ ನಿವೇದನೆ ಈ ಮೂರರ ಹಳೆಯ ಮಾತಿಗೆ ನಾವು ಕೈ ಹಚ್ಚಲಿಲ್ಲ. ‘ಇರುವದು’ ಎಂದೇ ಕಲಿತ ನಾಲಿಗೆಗಳಿವೆ. ಹಾಸಿಗೆ ಹಿಡಿದು ಹೆಸರು ಮರೆತವರ ಮನೆಗೆ ರಾತ್ರಿಭೋಜನದ ಸಂಸ್ಕಾರ ಕೊಂಡುಹೋದಾಗ, ಅವರು ನಮ್ಮ ಜೊತೆ ಸೇರಿ ಹೇಳುವುದು ಆ ಮಾತುಗಳನ್ನೇ.