ಪೊಲೀಸ್ ಬಲಪ್ರಯೋಗದ ನಕ್ಷೆ: ವಿಡಿಯೊ ರಾಶಿಯಿಂದ ಘಟನೆ ಹೆಕ್ಕಿದ ಬಗೆ

ನಕ್ಷೆಯಲ್ಲಿ ನಾವು ಚುಕ್ಕೆ ಇಡುವುದು ಘಟನೆಗೆ. ಒಂದೇ ಲಾಠಿ ಏಟನ್ನು ಏಳೆಂಟು ಮೊಬೈಲುಗಳು ಹಿಡಿದಿರುತ್ತವೆ, ಅವೇ ಮತ್ತೆ ನೂರಾರು ಸಲ ಶೇರ್ ಆಗಿರುತ್ತವೆ. ಅದಕ್ಕೇ ಎರಡು ಶೀಟ್ ಇಟ್ಟೆವು: ಒಂದರಲ್ಲಿ ಪೋಸ್ಟಿಗೊಂದು ಸಾಲು, ಇನ್ನೊಂದರಲ್ಲಿ ಘಟನೆಗೊಂದು ಸಾಲು.

‘ಪೊಲೀಸ್ ದೌರ್ಜನ್ಯ’ ಎಂದು ಹುಡುಕಿದರೆ ಬರುವುದು ಸುದ್ದಿ, ಅಭಿಪ್ರಾಯ. ಸ್ಥಳದಲ್ಲಿದ್ದವರು ಬರೆಯುವುದು ‘ಹೊಡೀತಿದಾರೆ’, ‘ಗ್ಯಾಸ್ ಬಿಟ್ರು’ ಎಂದು. ಇಂಥ ಮಾತಿನ ಜೊತೆ ರಸ್ತೆಯ ಹೆಸರು ಸೇರಿಸಿ, ತಪ್ಪು ಕಾಗುಣಿತದಲ್ಲೂ ಹುಡುಕಬೇಕು.

ಸಿಕ್ಕಿದ್ದನ್ನು ಆಗಲೇ ಉಳಿಸಿಕೊಳ್ಳಿ, ಸಂಜೆಯೊಳಗೆ ಡಿಲೀಟ್ ಆಗಿರಬಹುದು. ವಿಡಿಯೊ ಇಳಿಸಿ, ಪುಟವನ್ನು ವೆಬ್ ಪುಟಗಳ ನಕಲು ಕಾಪಿಡುವ ವೇಬ್ಯಾಕ್ ಮಷೀನಿಗೆ ಕೊಟ್ಟು, ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಹ್ಯಾಶ್ ಬರೆದಿಡುತ್ತೇವೆ. ಇಳಿಸಿದ ಮೇಲೆ ಫೈಲ್ ಬದಲಾಗಿಲ್ಲ ಎಂಬುದಕ್ಕಷ್ಟೇ ಅದು ಸಾಕ್ಷಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಎಲ್ಲ ನಕಲಿನ ಮೇಲೆ.

ಎಕ್ಸ್ (ಹಿಂದಿನ ಟ್ವಿಟರ್) ಪೋಸ್ಟಿನ ಐಡಿಯಲ್ಲೇ, ಅಂದರೆ ಲಿಂಕಿನ ಕೊನೆಯ ಉದ್ದ ಸಂಖ್ಯೆಯಲ್ಲೇ, ಸಮಯ ಅಡಗಿದೆ. ಐಡಿಯನ್ನು 4194304ರಿಂದ ಭಾಗಿಸಿ, ದಶಮಾಂಶ ಬಿಟ್ಟು, 1288834974657 ಕೂಡಿಸಿದರೆ ಯುಟಿಸಿಯ (ಜಾಗತಿಕ ಪ್ರಮಾಣ ಸಮಯ) ಯುನಿಕ್ಸ್ ಮಿಲಿಸೆಕೆಂಡ್, ಅಂದರೆ 1970ರ ಜನವರಿ 1ರಿಂದ ಎಣಿಸಿದ ಹೊತ್ತು, ಸಿಗುತ್ತದೆ. ಶೀಟಿನಲ್ಲಿ ಐಡಿಯ ಕಾಲಂ ಟೆಕ್ಸ್ಟ್ ಆಗಿರಲೇಬೇಕು: ಎಕ್ಸೆಲ್ 15 ಅಂಕಿಯ ಆಚೆಯದ್ದನ್ನೆಲ್ಲ ಸೊನ್ನೆ ಮಾಡುತ್ತದೆ, ಹೋದ ಐಡಿ ತಿರುಗಿ ಬರುವುದಿಲ್ಲ. ಇದು ಪೋಸ್ಟ್ ಮಾಡಿದ ಹೊತ್ತು. ಚಿತ್ರೀಕರಿಸಿದ ಹೊತ್ತಿಗೆ ನೆರಳಿನ ದಿಕ್ಕನ್ನು, ಸೂರ್ಯನ ಸ್ಥಾನ ತೋರಿಸುವ ಸನ್‌ಕ್ಯಾಲ್ಕ್ ತಾಣದಲ್ಲಿ ಹೊಂದಿಸಿ ನೋಡುತ್ತೇವೆ.

ಜಾಗ ಖಚಿತವಾಗಲು ಕನಿಷ್ಠ ಎರಡು ಗುರುತು ಬೇಕು, ಬೋರ್ಡು ಮತ್ತು ಕಂಬದ ಆಕಾರ ಅನ್ನಿ. ಬೋರ್ಡಿನ ಅಕ್ಷರ ತಿರುಗುಮುರುಗಾಗಿದ್ದರೆ ವಿಡಿಯೊವೇ ಕನ್ನಡಿಯಲ್ಲಿನಂತೆ ಎಡಬಲ ಅದಲುಬದಲಾಗಿದೆ. ರಸ್ತೆವರೆಗೆ ಮಾತ್ರ ಗೊತ್ತಾದರೆ ‘ನಿಖರತೆ’ ಕಾಲಂನಲ್ಲಿ ರಸ್ತೆ ಎಂದೇ ಬರೆಯಿರಿ.

ಎರಡು ವಿಡಿಯೊ ಒಂದೇ ಘಟನೆಯದೇ ಎಂದು ತಿಳಿಯಲು ಶಬ್ದ ತುಂಬ ನೆರವಾಗುತ್ತದೆ. ಅಶ್ರುವಾಯು ಗನ್ನಿನ ಸಾಲು ಸದ್ದುಗಳ ನಡುವಿನ ಅಂತರ ಎರಡರಲ್ಲೂ ತಾಳೆಯಾದರೆ ಹೆಚ್ಚುಕಡಿಮೆ ಗಟ್ಟಿ. ಶಬ್ದ 100 ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ಬೇಕು, ಹಾಗಾಗಿ ಚಿತ್ರಕ್ಕೂ ಸದ್ದಿಗೂ ನಡುವೆ ಅಷ್ಟು ವ್ಯತ್ಯಾಸ ಕಂಡರೆ ಬೆಚ್ಚಬೇಡಿ.

ಆಯುಧ ಯಾವುದು, ಏಟು ಎಲ್ಲಿಗೆ ಬಿತ್ತು ಎಂಬುದನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಬರೆಯಬೇಕು. ತಲೆಗೆ ಬಿದ್ದ ಏಟಿಗೆ ಪ್ರತ್ಯೇಕ ಕೋಡ್ ಬೇಕು, ಕಾಲಿನ ಏಟಿನ ಜೊತೆ ಅದನ್ನು ಬೆರೆಸಿದರೆ ನಕ್ಷೆಗೆ ಅರ್ಥವಿಲ್ಲ. ಕ್ಲಿಪ್ ಏಟಿನಿಂದಲೇ ಶುರುವಾದರೆ, ಹಿಂದೇನಾಯಿತೆಂದು ಊಹಿಸದೆ ‘ಕಾಣುವುದಿಲ್ಲ’ ಎಂದು ಬರೆಯುತ್ತೇವೆ.

ಪ್ರಕಟಿಸುವ ನಕ್ಷೆಯಲ್ಲಿ ಮುಖಗಳನ್ನು ಮಸುಕು ಮಾಡುತ್ತೇವೆ, ಖಾತೆಯ ಹೆಸರು ತೆಗೆಯುತ್ತೇವೆ. ಮನೆಯ ಕಿಟಕಿಯಿಂದ ತೆಗೆದ ವಿಡಿಯೊ ಆ ಕಿಟಕಿಯನ್ನೇ ತೋರಿಸಿಕೊಡುತ್ತದೆ. ತೆಗೆದವರು ಒಪ್ಪುವ ತನಕ ಘಟನೆಯ ಚುಕ್ಕೆ ಮಾತ್ರ ಇರುತ್ತದೆ, ವಿಡಿಯೊ ಇರುವುದಿಲ್ಲ.