ಪುಲ್ ರಿಕ್ವೆಸ್ಟ್‌ನಲ್ಲೇ ಕವರೇಜ್ ವರದಿ: ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಅಳವಡಿಸುವ ಕ್ರಮ

ಟೆಸ್ಟ್‌ಗಳು ಓಡುವಾಗ ನಮ್ಮ ಕೋಡಿನ ಯಾವ ಸಾಲುಗಳು ನಿಜವಾಗಿ ಚಲಾಯಿಸಲ್ಪಟ್ಟವು ಎಂಬ ಲೆಕ್ಕವೇ ಕೋಡ್ ಕವರೇಜ್. ಇದನ್ನು ಡೆವಲಪರ್ ತನ್ನ ಲ್ಯಾಪ್‌ಟಾಪಿನಲ್ಲಿ ಆಗೊಮ್ಮೆ ಈಗೊಮ್ಮೆ ನೋಡಿಕೊಂಡರೆ ಪ್ರಯೋಜನ ಕಡಿಮೆ. ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿ ಎಂಬ ಕೋರಿಕೆಗೂ) ವರದಿ ತಾನಾಗಿಯೇ ತಯಾರಾಗಿ, ಮರ್ಜ್ ಆಗುವ, ಅಂದರೆ ಬದಲಾವಣೆ ಸೇರಿಹೋಗುವ, ಮೊದಲೇ ರಿವ್ಯೂ ಮಾಡುವವರ ಕಣ್ಣಿಗೆ ಬೀಳಬೇಕು. ಟೆಸ್ಟ್ ಓಡಿಸುವ ಪೈಟೆಸ್ಟ್ ಮತ್ತು ಕವರೇಜ್ ಅಳೆಯುವ ಕವರೇಜ್ ಡಾಟ್ ಪೈ ಬಳಸುವ ಪೈಥಾನ್ ಪ್ರಾಜೆಕ್ಟ್‌ಗೆ, ಇಂಥ ಕೆಲಸಗಳನ್ನು ಗಿಟ್‌ಹಬ್‌ನಲ್ಲೇ ತಾನಾಗಿ ನಡೆಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಈ ವ್ಯವಸ್ಥೆಯನ್ನು ಕಟ್ಟುವ ಬಗೆ ಇಲ್ಲಿದೆ.

ಪೈಪ್‌ಲೈನಿಗೆ, ಅಂದರೆ ತಾನಾಗಿ ನಡೆಯುವ ಈ ಕೆಲಸಗಳ ಸರಣಿಗೆ, ಕೈ ಹಾಕುವ ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಬೇಕು. ಕವರೇಜ್ ಸಂರಚನೆಯಲ್ಲಿ 'ಸೋರ್ಸ್' ಎಂಬಲ್ಲಿ ನಿಮ್ಮ ಪ್ಯಾಕೇಜಿನ ಹೆಸರು ಕೊಡಿ. ಕೊಡದಿದ್ದರೆ ಯಾವ ಟೆಸ್ಟ್ ಕೂಡ ಇಂಪೋರ್ಟ್ ಮಾಡದ ಫೈಲ್‌ಗಳು ವರದಿಯಿಂದಲೇ ಬಿಟ್ಟುಹೋಗಿ, ಶೇಕಡಾವಾರು ಸುಳ್ಳುಸುಳ್ಳೇ ಮೇಲೇರುತ್ತದೆ. 'ರಿಲೇಟಿವ್ ಫೈಲ್ಸ್' ಆಯ್ಕೆಯನ್ನು ಆನ್ ಮಾಡಿ, ಬೇರೆ ಬೇರೆ ಯಂತ್ರಗಳಲ್ಲಿ ಸಂಗ್ರಹವಾದ ದತ್ತಾಂಶವನ್ನು ಮುಂದೆ ಒಂದುಗೂಡಿಸಲು ಅದು ಬೇಕಾಗುತ್ತದೆ. ಇವೆರಡಕ್ಕಿಂತಲೂ ಮುಖ್ಯವಾದದ್ದು ಕೋಡಿನ ಕವಲುಗಳನ್ನೂ ಅಳೆಯುವ 'ಬ್ರಾಂಚ್' ಆಯ್ಕೆ.

ಇದರ ಮಹತ್ವ ಒಂದು ಸಣ್ಣ ಫಂಕ್ಷನ್‌ನಲ್ಲಿ ಕಾಣುತ್ತದೆ. ಟಿಕೆಟ್ ದರವನ್ನೂ ವಯಸ್ಸನ್ನೂ ತೆಗೆದುಕೊಳ್ಳುವ ಈ ಫಂಕ್ಷನ್, ರಿಯಾಯಿತಿ ಎಂಬ ವೇರಿಯಬಲ್‌ಗೆ ಮೊದಲು 'ನನ್' ಎಂಬ ಖಾಲಿ ಮೌಲ್ಯ ಕೊಡುತ್ತದೆ, ವಯಸ್ಸು 60 ಅಥವಾ ಹೆಚ್ಚಿದ್ದರೆ ಅದನ್ನು 25ಕ್ಕೆ ಬದಲಿಸುತ್ತದೆ, ಕೊನೆಗೆ ಅಷ್ಟು ಶೇಕಡಾ ರಿಯಾಯಿತಿ ಕಳೆದ ದರವನ್ನು ಹಿಂದಿರುಗಿಸುತ್ತದೆ. ಅರವತ್ತೈದರ ವಯಸ್ಸು ಕೊಟ್ಟು ಬರೆದ ಒಂದೇ ಒಂದು ಟೆಸ್ಟ್ ಇದರ ಐದೂ ಸಾಲುಗಳನ್ನು ಮುಟ್ಟುವುದರಿಂದ ಸಾಲುಗಳ ಲೆಕ್ಕದಲ್ಲಿ ಕವರೇಜ್ 100% ಎಂದೇ ಬರುತ್ತದೆ. ಆದರೆ ಮೂವತ್ತರ ಪ್ರಯಾಣಿಕರೊಬ್ಬರು ಬಂದರೆ ಖಾಲಿ ಮೌಲ್ಯವನ್ನು ಗುಣಿಸಲು ಹೋಗಿ ಪ್ರೋಗ್ರಾಮ್ ನಿಂತುಬಿಡುತ್ತದೆ. ಬ್ರಾಂಚ್ ಆಯ್ಕೆ ಆನ್ ಇದ್ದರೆ 'ಇಫ್' ಸಾಲಿನ ಎರಡು ಕವಲುಗಳೂ ಲೆಕ್ಕಕ್ಕೆ ಸೇರಿ, ಏಳರಲ್ಲಿ ಆರು ಮಾತ್ರ ಪೂರೈಸಿದ್ದರಿಂದ ವರದಿ 86% ತೋರಿಸುತ್ತದೆ ಮತ್ತು ಯಾವ ಕವಲು ತಪ್ಪಿಹೋಗಿದೆ ಎಂಬುದನ್ನು ಸಾಲಿನ ಸಂಖ್ಯೆಯೊಂದಿಗೆ ತಿಳಿಸುತ್ತದೆ. ಈ ಆಯ್ಕೆಯಿಲ್ಲದೆ ಕವರೇಜ್ ವರದಿಯನ್ನು ನಂಬಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಯಾವ ಕೆಲಸ (ಜಾಬ್) ಯಾವಾಗ ನಡೆಯಬೇಕೆಂದು ಗಿಟ್‌ಹಬ್‌ಗೆ ಹೇಳುವ ವರ್ಕ್‌ಫ್ಲೋ ಫೈಲ್. ಹಲವು ಪೈಥಾನ್ ಆವೃತ್ತಿಗಳಲ್ಲಿ ಟೆಸ್ಟ್ ಓಡಿಸುವುದಾದರೆ 'ಪ್ಯಾರಲಲ್' ಆಯ್ಕೆಯನ್ನೂ ಆನ್ ಮಾಡಿ, ಪೈಟೆಸ್ಟನ್ನು 'ಕವರೇಜ್ ರನ್' ಮೂಲಕ ನಡೆಸಿ. ಆಗ ಪ್ರತಿ ಜಾಬ್ ಪ್ರತ್ಯೇಕ ಹೆಸರಿನ ದತ್ತಾಂಶ ಫೈಲ್ ಬರೆಯುತ್ತದೆ; ಅದನ್ನು ಆರ್ಟಿಫ್ಯಾಕ್ಟ್ ಆಗಿ (ಬೇರೆ ಜಾಬ್ ಇಳಿಸಿಕೊಳ್ಳಬಹುದಾದ ಫೈಲ್ ಆಗಿ) ಅಪ್‌ಲೋಡ್ ಮಾಡಿ, ಪ್ರತಿ ಜಾಬ್‌ನ ಆರ್ಟಿಫ್ಯಾಕ್ಟ್‌ಗೂ ಬೇರೆ ಬೇರೆ ಹೆಸರಿಡಿ. ಈ ಫೈಲ್‌ನ ಹೆಸರು ಚುಕ್ಕೆಯಿಂದ ಆರಂಭವಾಗುವುದರಿಂದ ಅದು ಹಿಡನ್ ಫೈಲ್. ಅಪ್‌ಲೋಡ್ ಆ್ಯಕ್ಷನ್ 2024ರ ಸೆಪ್ಟೆಂಬರ್‌ನಿಂದ ಇಂಥ ಫೈಲ್‌ಗಳನ್ನು ತಾನಾಗಿ ಸೇರಿಸುವುದಿಲ್ಲವಾದ್ದರಿಂದ, ಅವನ್ನೂ ಸೇರಿಸುವಂತೆ ಸೂಚಿಸಬೇಕು. ಫೈಲ್ ಸಿಗದಿದ್ದಾಗ ಅದು ಬರೀ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ಅದನ್ನು ಎರರ್ ಎಂದು ಪರಿಗಣಿಸುವಂತೆ ಬದಲಿಸಿದರೆ ತಪ್ಪು ಎಲ್ಲಾಗಿದೆಯೋ ಅಲ್ಲೇ ಗೊತ್ತಾಗುತ್ತದೆ.

ಟೆಸ್ಟ್ ಜಾಬ್‌ಗಳೆಲ್ಲ ಮುಗಿದ ಮೇಲೆ ಓಡುವ ಇನ್ನೊಂದು ಜಾಬ್, ಕೋಡನ್ನು ಚೆಕ್‌ಔಟ್ ಮಾಡಿ, ಆರ್ಟಿಫ್ಯಾಕ್ಟ್‌ಗಳನ್ನು ಇಳಿಸಿಕೊಂಡು, 'ಕವರೇಜ್ ಕಂಬೈನ್' ಆದೇಶದಿಂದ ಅವನ್ನು ಒಂದುಗೂಡಿಸಿ ಎಕ್ಸ್‌ಎಂಎಲ್ ವರದಿ ತಯಾರಿಸಲಿ. ಅದೇ ವರದಿಯನ್ನು ಮಾರ್ಕ್‌ಡೌನ್ ರೂಪದಲ್ಲಿ ಜಾಬ್ ಸಮ್ಮರಿಗೆ (ಗಿಟ್‌ಹಬ್ ತೋರಿಸುವ ಸಾರಾಂಶ ಪುಟಕ್ಕೆ) ಬರೆದರೆ ಹೊರಗಿನ ಸೇವೆಯೂ ಬೇಡ, ಅದರ ಪ್ರವೇಶಕ್ಕೆ ಬೇಕಾದ ಗುಪ್ತ ಕೀಲಿಯಾದ ಟೋಕನ್ನೂ ಬೇಡ. ಫೋರ್ಕ್‌ನಿಂದ (ಹೊರಗಿನವರು ಮಾಡಿಕೊಂಡ ಪ್ರತಿಯಿಂದ) ಬರುವ ಪುಲ್ ರಿಕ್ವೆಸ್ಟ್‌ಗಳಿಗೆ ರೆಪೊಸಿಟರಿಯ ಸೀಕ್ರೆಟ್‌ಗಳು, ಅಂದರೆ ಅದರಲ್ಲಿಟ್ಟ ಟೋಕನ್‌ನಂಥ ಗುಪ್ತ ಮೌಲ್ಯಗಳು, ಸಿಗುವುದಿಲ್ಲವಾದ್ದರಿಂದ ಮುಕ್ತ ತಂತ್ರಾಂಶ ಪ್ರಾಜೆಕ್ಟ್‌ಗಳಿಗೆ ಇದೇ ಸುಲಭದ ದಾರಿ. ಕೋಡ್‌ಕವ್‌ನಂತಹ ಸೇವೆಗೆ ವರದಿ ಕಳುಹಿಸಿದರೆ ದಿನಗಳೆದಂತೆ ಕವರೇಜ್ ಏರಿಳಿದದ್ದನ್ನು ಗ್ರಾಫ್‌ನಲ್ಲಿ ನೋಡಬಹುದು. ಆದರೆ 2021ರಲ್ಲಿ ಅದರ ಬ್ಯಾಷ್ ಅಪ್‌ಲೋಡರ್ ಸ್ಕ್ರಿಪ್ಟನ್ನು ದಾಳಿಕೋರರು ತಿದ್ದಿ, ಬಳಕೆದಾರರ ಪೈಪ್‌ಲೈನಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಸೀಕ್ರೆಟ್‌ಗಳೂ ಇರಬಹುದಾದ ಮೌಲ್ಯಗಳನ್ನು) ಕದ್ದು ಸಾಗಿಸಿದ್ದನ್ನು ನೆನಪಿಡಬೇಕು. ಅಪ್‌ಲೋಡ್ ಮಾಡುವ ಜಾಬ್‌ಗೆ ಆ ಸೇವೆಯ ಒಂದು ಟೋಕನ್ ಬಿಟ್ಟು ಬೇರೆ ಯಾವ ಸೀಕ್ರೆಟ್ಟನ್ನೂ ಕೊಡಬೇಡಿ, ಆ್ಯಕ್ಷನ್‌ನ ಆವೃತ್ತಿಯನ್ನು ಕಮಿಟ್ ಹ್ಯಾಶ್‌ನಿಂದಲೇ (ಕೋಡಿನ ಆ ಒಂದು ಸ್ಥಿತಿಯನ್ನಷ್ಟೇ ಸೂಚಿಸುವ ಗುರುತಿನಿಂದಲೇ) ನಿಗದಿಪಡಿಸಿ.

ಕವರೇಜ್ ಇಷ್ಟಕ್ಕಿಂತ ಕಡಿಮೆಯಾದರೆ ಜಾಬ್ ವಿಫಲವಾಗಲಿ ಎಂದು ಮಿತಿ ಹಾಕುವಾಗ ಹಲವರು ಒಟ್ಟು ಶೇಕಡಾವಾರಿಗೆ ಹಾಕುತ್ತಾರೆ. ಹತ್ತು ಸಾವಿರ ಸಾಲುಗಳ ಪ್ರಾಜೆಕ್ಟ್‌ನಲ್ಲಿ ಒಂಬತ್ತು ಸಾವಿರಕ್ಕೆ ಟೆಸ್ಟ್ ಇದ್ದು, ಯಾರಾದರೂ ಒಂದೂ ಟೆಸ್ಟ್ ಇಲ್ಲದ 40 ಸಾಲು ಸೇರಿಸಿದರೂ ಲೆಕ್ಕ 89.64%ಕ್ಕೆ ಇಳಿಯುತ್ತದೆ, ಅಷ್ಟೇ. ಕವರೇಜ್ ಡಾಟ್ ಪೈ ಅದನ್ನು ಪೂರ್ಣಾಂಕಕ್ಕೆ ತಂದು 90 ಎಂದೇ ಪರಿಗಣಿಸುವುದರಿಂದ 90ರ ಮಿತಿಯನ್ನು ಆ ಬದಲಾವಣೆ ದಾಟಿಬಿಡುತ್ತದೆ. ಆದ್ದರಿಂದ ಮಿತಿ ಇರಬೇಕಾದದ್ದು ಬದಲಾದ ಸಾಲುಗಳ ಮೇಲೆ. ಡಿಫ್ ಕವರ್ ಎಂಬ ಉಪಕರಣ ಎಕ್ಸ್‌ಎಂಎಲ್ ವರದಿಯನ್ನು ಮುಖ್ಯ ಕೋಡ್ ಇರುವ ಮೇನ್ ಬ್ರಾಂಚ್‌ಗೂ ಈ ಪುಲ್ ರಿಕ್ವೆಸ್ಟ್‌ಗೂ ಇರುವ ವ್ಯತ್ಯಾಸದೊಂದಿಗೆ ಹೋಲಿಸಿ, ಹೊಸ ಸಾಲುಗಳ ಕವರೇಜನ್ನಷ್ಟೇ ಹೇಳುತ್ತದೆ. 80%ರಿಂದ ಆರಂಭಿಸುವುದು ತಂಡಕ್ಕೆ ಹೊರೆಯಾಗಲಾರದು. ಚೆಕ್‌ಔಟ್ ಆ್ಯಕ್ಷನ್ ಸಾಮಾನ್ಯವಾಗಿ ಒಂದೇ ಕಮಿಟ್ ತರುವುದರಿಂದ, ಈ ಹೋಲಿಕೆಗಾಗಿ 'ಫೆಚ್ ಡೆಪ್ತ್' ಮೌಲ್ಯವನ್ನು ಸೊನ್ನೆಗೆ ಇಟ್ಟು ಪೂರ್ಣ ಇತಿಹಾಸ ತರಿಸಿಕೊಳ್ಳಬೇಕು.

ಕೊನೆಗೆ ರೆಪೊಸಿಟರಿಯ ಬ್ರಾಂಚ್ ಸಂರಕ್ಷಣೆ ನಿಯಮಗಳಲ್ಲಿ ಕವರೇಜ್ ಜಾಬ್‌ನೊಂದಿಗೆ ಟೆಸ್ಟ್ ಜಾಬ್‌ಗಳನ್ನೂ ಕಡ್ಡಾಯವೆಂದು ಗುರುತಿಸಿ. ಟೆಸ್ಟ್ ವಿಫಲವಾದರೆ ಅದನ್ನು ಅವಲಂಬಿಸಿದ ಕವರೇಜ್ ಜಾಬ್ ಓಡದೆ ಬಿಟ್ಟುಹೋಗುತ್ತದೆ, ಹಾಗೆ ಬಿಟ್ಟುಹೋದ ಜಾಬನ್ನು ಗಿಟ್‌ಹಬ್ ಯಶಸ್ವಿ ಎಂದೇ ಎಣಿಸುತ್ತದೆ. ಕವರೇಜ್ ಜಾಬ್ ಒಂದನ್ನೇ ಕಡ್ಡಾಯ ಮಾಡಿದರೆ ಟೆಸ್ಟ್ ಮುರಿದ ಕೋಡಿಗೂ ಮರ್ಜ್ ಬಟನ್ ತೆರೆದೇ ಇರುತ್ತದೆ.